ಬೇಡಿ ತಂದ ಅಕ್ಕಿಯ ಸಿಹಿ

ಆ ಸಿಹಿಗೆ ಆಗುತ್ತಿದ್ದ ಖರ್ಚು ಸೊನ್ನೆ. ಅಕ್ಕಿ, ಹಾಲು, ಮೈದಾ, ಎಣ್ಣೆ, ಜೇನುತುಪ್ಪ, ಕಿತ್ತಳೆ ಎಲ್ಲ ಬಿದ್ದು, ಇಡೀ ಓಣಿಗೆ ಹಂಚಿದರೂ ಕೈಯಿಂದ ಒಂದು ಪೈಸೆ ಬಿಚ್ಚುವಂತಿರಲಿಲ್ಲ. ಕೊಂಡ ಸಾಮಾನು ಅದಕ್ಕೆ ಸಲ್ಲದು, ಬೇಡಿಯೇ ತರಬೇಕು ಅನ್ನುವುದು ಅದರ ಕಟ್ಟಳೆ. ಬೆಲೆ ಬೀಳುತ್ತಿದ್ದದ್ದು ಬೇರೆ ಕಡೆ. ಹರಿಹರದ ಸಿಸ್ಟರಮ್ಮನ ಬಲಗೈ ನೋಡಿದವರಿಗೆ ಅದು ಗೊತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಸಣ್ಣ ಸಣ್ಣ ಬಿಳಿ ಕಲೆ, ಯಾರೋ ಒಂದು ಹಿಡಿ ಅಕ್ಕಿ ಎರಚಿ ಅಂಟಿಸಿದ ಹಾಗೆ. ಕಾದ ಎಣ್ಣೆ ಸಿಡಿದು ಆದದ್ದು.

ಆ ಕೈಯನ್ನು ನಾನು ಮೊದಲು ನೋಡಿದ್ದು ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಅಕ್ಕಿ ಅಂಗಡಿ ಇದೆ. ಮಾಯಕೊಂಡದಿಂದ ಬರಿಗೈಲಿ ಬಂದು, ಸಂತೆ ಸಂತೆ ತಿರುಗಿ ಮಂಡಕ್ಕಿ ಅಳೆದು ಮಾರಿ ಕಟ್ಟಿದ ಅಂಗಡಿ. ಬಿಳಿ ಉಡುಪು, ತಲೆಗೆ ಬಿಳಿ ಮುಸುಕು, ಹೆಗಲಿಗೆ ಬಟ್ಟೆಚೀಲ ಹಾಕಿಕೊಂಡ ಒಬ್ಬ ಹಿರಿಯ ಹೆಂಗಸು ಬಂದು ಅಕ್ಕಿ ಬೇಕು ಅಂದರು.

"ಎಷ್ಟು ಕಿಲೋ?" ಅಂದೆ.

"ನೀವು ಹಾಕಿದಷ್ಟು."

"ಹಂಗಂದ್ರೆ ಹೆಂಗೆ? ರೇಟು ನೋಡ್ರಿ, ಆಮ್ಯಾಲೆ ಹೇಳ್ರಿ. ದುಡ್ಡು ಅಲ್ಲಿ ಸ್ಕ್ಯಾನ್ ಮಾಡಿದ್ರಾತು."

"ದುಡ್ಡಿಲ್ಲ ಅಂಗಡಿಯಮ್ಮ. ಬೇಡಾಕೆ ಬಂದೀನಿ."

ಇಷ್ಟು ಹೇಳುವಾಗ ಮುಖದ ಮೇಲೆ ಸಂಕೋಚದ ಗೆರೆಯೂ ಇಲ್ಲ. ನನಗೆ ರೇಗಿತು. "ನಿಮಗೇನ್ ಕಮ್ಮಿ ಆಗೇತ್ರಿ? ಅಷ್ಟು ದೊಡ್ಡ ಕಾನ್ವೆಂಟಿನೋರು" ಅಂದೆ. ಅವರು ನಕ್ಕು, ಅಲ್ಲೇ ಇದ್ದ ಅಕ್ಕಿ ಮೂಟೆಯ ಮೇಲೆ ಕೂತು, ಕಥೆ ಶುರು ಮಾಡಿದರು. ಹರಿಹರದ ಪಕ್ಕದ ಹಳ್ಳಿಯಲ್ಲೇ ಹುಟ್ಟಿದವರು. ಎಳೇ ವಯಸ್ಸಿನಲ್ಲಿ ಸಿಸ್ಟರ್ ಆಗಿ, ಇಟಲಿ ದೇಶದ ತುದಿಗಿರುವ ಸಿಸಿಲಿ ಅನ್ನೋ ದ್ವೀಪಕ್ಕೆ ಹೋಗಿ, ಅಲ್ಲಿನ ಮಠದ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದು ಬಂದಿದ್ದರು. ಅಲ್ಲಿ ಮಾರ್ಚ್ ಹತ್ತೊಂಬತ್ತಕ್ಕೆ ಸಂತ ಜೋಸೆಫರ ಹಬ್ಬ. ಯೇಸುವನ್ನು ಸಾಕಿದ ಆ ಬಡಗಿ, ತುಂಬು ಬಸುರಿ ಹೆಂಡತಿಯನ್ನು ಕರಕೊಂಡು ಒಂದು ರಾತ್ರಿಯ ಜಾಗಕ್ಕಾಗಿ ಬಾಗಿಲು ಬಾಗಿಲು ತಟ್ಟಿದವನಂತೆ. ಅದಕ್ಕೇ ಅವನ ಹಬ್ಬದ ಅಡುಗೆಯನ್ನೂ ಬಾಗಿಲು ತಟ್ಟಿ ಬೇಡಿದ ಸಾಮಾನಿನಲ್ಲೇ ಮಾಡುತ್ತಾರೆ. ಉದ್ದನೆಯ ಮೇಜು ಹಾಕಿ, ಬಂದವರಿಗೆಲ್ಲ ಬಡಿಸುತ್ತಾರೆ. ಯಾರು, ಏನು ಅಂತ ಕೇಳುವಂತಿಲ್ಲ.

"ಹರಿಹರದಾಗ ಎಲ್ರಿಗೂ ನನ್ನ ಗುರುತು ಆಗೇತೆ. ಚೀಲ ಕಂಡ್ರೇ ತಂದು ಸುರೀತಾರೆ. ಅದು ಬೇಡಿದಂಗಾಗಲ್ಲ. ಅದಕ್ಕೇ ಮೋಟಾರು ಹತ್ತಿ ಇಲ್ಲಿಗೆ ಬಂದೆ."

ಬಸ್ಸಿಗೆ ಮೋಟಾರು ಅನ್ನುತ್ತಿದ್ದರು, ಆಸ್ಪತ್ರೆಗೆ ದವಾಖಾನೆ. ಊರು ಬಿಡುವಾಗ ಇದ್ದ ಕನ್ನಡವನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು, ವಾಪಸ್ ಬಂದ ಮೇಲೆ ಹಾಗೇ ಬಿಚ್ಚಿಕೊಂಡಿದ್ದರು. ಸಾಗಹಾಕುವ ಲೆಕ್ಕದಲ್ಲಿ ನಾನು ಒಂದು ಅಳತೆ ಅಕ್ಕಿ ಸುರಿದೆ. ಚೀಲದ ಬಾಯಿ ಬಿಗಿದು, "ಕೊಟ್ಟೋರು ಊಟಕ್ಕೆ ಬರ್ಲೇಬೇಕು" ಅಂತ ಹೇಳಿ ಹೋದರು.

ಹೋದೆ. ಭಕ್ತಿಯಿಂದೇನೂ ಅಲ್ಲ. ಪುಕ್ಕಟೆ ಕೊಟ್ಟ ಸರಕು ಎಲ್ಲಿಗೆ ಮುಟ್ಟಿತು ಅಂತ ನೋಡದೆ ಬಿಡುವ ಜಾಯಮಾನ ನನ್ನದಲ್ಲ.

ಕಾನ್ವೆಂಟಿನ ಹಿತ್ತಲ ಅಡುಗೆಮನೆಯಲ್ಲಿ ಸಿಸ್ಟರಮ್ಮ ಬಾಂಡ್ಲಿಯ ಮುಂದೆ ನಿಂತಿದ್ದರು. ಹಿಂದಿನ ದಿನವೇ ಅಕ್ಕಿಯನ್ನು ಹಾಲಿನಲ್ಲಿ ಮುದ್ದೆಯಾಗುವ ಹಾಗೆ ಬೇಯಿಸಿ ಆರಿಸಿದ್ದರು. ಅದಕ್ಕೆ ಮೈದಾ, ಬೇಕರಿಯಿಂದ ಬೇಡಿ ತಂದ ಈಸ್ಟು, ತುರಿದ ಕಿತ್ತಳೆ ಸಿಪ್ಪೆ ಸೇರಿಸಿ ಉಬ್ಬಲು ಬಿಟ್ಟಿದ್ದರು. ಹಿಟ್ಟನ್ನು ಮರದ ಹಲಗೆಯ ಮೇಲೆ ಹರಡಿ, ಚಾಕುವಿನ ಬೆನ್ನಿನಿಂದ ಬೆರಳಿನಷ್ಟು ಕತ್ತರಿಸಿ ಎಣ್ಣೆಗೆ ತಳ್ಳುವುದು. ಎಣ್ಣೆ ಕಾದಿದೆಯೋ ನೋಡಲು ಒಂದು ಚೂರು ಕಿತ್ತಳೆ ಸಿಪ್ಪೆ ಬಿಡುತ್ತಿದ್ದರು. ಅದು ಕುಣಿದರೆ ಸರಿ, ಕಪ್ಪಾದರೆ ಉರಿ ಜಾಸ್ತಿ. ಹೊಂಬಣ್ಣಕ್ಕೆ ಬಂದಾಗ ತೆಗೆದು, ಕಿತ್ತಳೆ ರಸ ಬೆರೆಸಿದ ಬಿಸಿ ಜೇನು ಸುರಿದು, ಮೇಲೆ ಚಕ್ಕೆ ಪುಡಿ. ಅದಕ್ಕೆ ಅಲ್ಲಿನವರು ಕ್ರಿಸ್ಪೆಲ್ಲೆ ಅನ್ನುತ್ತಾರಂತೆ. ಸಾಲಿನಲ್ಲಿದ್ದ ಆಟೋದವನು ಮಾತ್ರ "ಇನ್ನೆರಡು ಅನ್ನದ ಬೋಂಡ ಹಾಕ್ರಿ" ಅಂದ. ನನ್ನ ಪಕ್ಕದ ಹೆಂಗಸು ಪಿಸುದನಿಯಲ್ಲಿ "ಮೊಟ್ಟೆ ಹಾಕೀರೇನ್ರಿ?" ಅಂತ ಕೇಳಿದಳು. "ನಿಮ್ಮ ಇಷ್ಟಲಿಂಗದ ಆಣೆ, ಇಲ್ಲವ್ವ" ಅಂದರು ಸಿಸ್ಟರಮ್ಮ. ಇಬ್ಬರೂ ನಕ್ಕರು.

ನಾನು ಒಂದು ಕಚ್ಚಿದೆ. ಹೊರಗೆ ಗರಿ, ಒಳಗೆ ಪಾಯಸ. ಕಚ್ಚಿದವಳೇ ವ್ಯಾಪಾರ ತೆಗೆದೆ. "ಸಿಸ್ಟರಮ್ಮ, ಮಂಡಕ್ಕಿ ಮಿರ್ಚಿ ಊರು ನಮ್ಮದು. ಕರಿದಿದ್ದು ಅಂದ್ರೆ ಜನ ಪ್ರಾಣ ಬಿಡ್ತಾರ. ಒಂದು ಗಾಡಿ ಹಾಕಿ ಇದನ್ನ ಮಾರಿದ್ರೆ..."

"ಮಾರ್ರಿ. ನಾನ್ಯಾಕ ಬ್ಯಾಡ ಅನ್ಲಿ? ಆದ್ರೆ ಆಗ ಅದು ಬೋಂಡಾನೇ."

ಮುಂದಿನ ವರ್ಷ ಅವರು ಬರುವ ಹೊತ್ತಿಗೆ ನಾನು ಅಕ್ಕಿ ಕಟ್ಟಿಸಿ ಇಟ್ಟಿದ್ದೆ. ಅಂಗಡಿಯಲ್ಲಿದ್ದ ಅತ್ಯುತ್ತಮ ಮಾಲು, ಎರಡು ವರ್ಷ ಹಳೆಯ ಸೋನಾ ಮಸೂರಿ. ನಮ್ಮ ಕಡೆ ಹಳೆ ಅಕ್ಕಿಗೇ ಮರ್ಯಾದೆ. ಮದುವೆ ಮನೆಯವರು ಅನ್ನ ಮಲ್ಲಿಗೆಯ ಹಾಗೆ ಉದುರಾಗಬೇಕು ಅಂತ ಹುಡುಕಿಕೊಂಡು ಬರುತ್ತಾರೆ. ಹಬ್ಬದ ದಿನ ನೋಡಿದರೆ ಬಾಂಡ್ಲಿಯಲ್ಲಿ ರಣರಂಗ. ಹಿಟ್ಟು ಎಣ್ಣೆಗೆ ಬಿದ್ದ ಕೂಡಲೇ ಬಿಡಿಬಿಡಿಯಾಗಿ ಅಗುಳು ಅಗುಳೇ ತೇಲುತ್ತಿದ್ದವು. ಸಿಸ್ಟರಮ್ಮ ಜಾಲರಿ ಸೌಟಿನಲ್ಲಿ ಅವನ್ನೆತ್ತಿ ನನಗೆ ತೋರಿಸಿದರು.

"ಯಾವ ಅಕ್ಕಿ ಕೊಟ್ರಿ ಅಂಗಡಿಯಮ್ಮ?"

"ಎಲ್ಲಕ್ಕಿಂತ ಒಳ್ಳೇದು. ಹಳೇದು."

"ಅದಕ್ಕೇ. ಹಳೇ ಅಕ್ಕಿಗೆ ಸೊಕ್ಕು. ಒಂದರ ಪಕ್ಕ ಒಂದು ಕೂಡ್ರಲ್ಲ. ಹೊಸ ಅಕ್ಕಿ ಕೊಡ್ರಿ, ಅಂಟ್ಕೊಂಡು ಇರ್ತಾವೆ."

ಹೊಸ ಅಕ್ಕಿಯನ್ನು ನಾನು ಗಿರಾಕಿಗೆ ತೋರಿಸಲಿಕ್ಕೇ ಹಿಂಜರಿಯುವವಳು. ಅವತ್ತು ಆಟೋ ಮಾಡಿ ತರಿಸಿಕೊಟ್ಟೆ. ಮತ್ತೆ ಬೇಯಿಸಿ ಆರಿಸುವಷ್ಟರಲ್ಲಿ ಆ ದಿನ ಮೇಜಿಗೆ ಸಂಜೆಯಾಯಿತು, ಯಾರೂ ಎದ್ದು ಹೋಗಲಿಲ್ಲ.

ಹೀಗೆ ವರ್ಷಗಳು ಹೋದವು. ಹಬ್ಬಕ್ಕೆ ಬೇಡಲು ಬರುವುದಲ್ಲದೆ, ದಾವಣಗೆರೆಗೆ ಯಾವ ಕೆಲಸಕ್ಕೆ ಬಂದರೂ ಅಂಗಡಿಗೆ ಬಂದು ಅದೇ ಮೂಟೆಯ ಮೇಲೆ ಕೂರುತ್ತಿದ್ದರು. ನಾನು ಗಿರಾಕಿಗಳ ಜೊತೆ ಜಗ್ಗಾಡುವುದನ್ನು ಆಟ ನೋಡಿದ ಹಾಗೆ ನೋಡಿ, ಗಿರಾಕಿ ಹೋದ ಮೇಲೆ "ಈ ಸಲ ನೀವು ಗೆದ್ರಿ" ಅಂತಲೋ "ಆಯಮ್ಮ ನಿಮಗಿಂತ ಜಾಣೆ" ಅಂತಲೋ ತೀರ್ಪು ಕೊಡುತ್ತಿದ್ದರು. ಒಮ್ಮೆ ನಾನೇ ಕೇಳಿದೆ, ಬೇಡುವಾಗ ನಾಚಿಕೆ ಆಗಲ್ವೇನ್ರಿ ಅಂತ. "ಹೋದ್ರೆ ಹೋಗೋದು ಏನು, ಮಾನ ತಾನೆ? ಅದು ಸಂಜೆ ಮೋಟಾರಿಗೆ ವಾಪಸ್ ಬರ್ತೈತೆ" ಅಂದರು.

ಅವರಿಗೆ ಅದು ಹಗುರ. ನನಗೆ ಅಲ್ಲ. ಮಾಯಕೊಂಡದಲ್ಲಿ ಚಿಕ್ಕವಳಿದ್ದಾಗ ಅವ್ವ ನನ್ನ ಕೈಗೆ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಹಿಟ್ಟು ಕಡ ತರಲು ಕಳಿಸುತ್ತಿದ್ದಳು. ಒಂದು ದಿನ ಆ ಮನೆಯಾಕೆ ಒಳಗಿನವರಿಗೆಲ್ಲ ಕೇಳುವ ಹಾಗೆ "ಬಂದ್ಲು ನೋಡ್ರೇ ಬಟ್ಲು ಹಿಡ್ಕಂಡು" ಅಂದಳು. ಆಮೇಲೆ ನಾನು ಯಾರ ಬಾಗಿಲಲ್ಲೂ ಕೈ ಚಾಚಿಲ್ಲ. ಚೌಕಾಶಿ ಎಷ್ಟು ಬೇಕಾದರೂ ಮಾಡುತ್ತೇನೆ. ಅದರಲ್ಲಿ ಕೈಯಲ್ಲಿ ದುಡ್ಡಿರುತ್ತದೆ, ತಲೆ ಎತ್ತಿ ಮಾತಾಡಬಹುದು.

ಒಂದು ಮಾರ್ಚ್ ತಿಂಗಳಲ್ಲಿ ಸಿಸ್ಟರಮ್ಮ ಬರಲಿಲ್ಲ. ನಾನೇ ಹರಿಹರಕ್ಕೆ ಹೋದೆ. ಎರಡೂ ಮಂಡಿ ಸೋತು ಕುರ್ಚಿಯಲ್ಲಿ ಕೂತಿದ್ದರು. ಈಸ್ಟರ್ ಮುಗಿದ ಮೇಲೆ ವಯಸ್ಸಾದ ಸಿಸ್ಟರುಗಳು ಇರುವ ದೂರದ ಮನೆಗೆ ಅವರನ್ನು ಕಳಿಸುತ್ತಾರೆ ಅಂತ ತಿಳಿಯಿತು. "ಈ ಸಲ ಮೇಜು ಇಲ್ಲ ಅಂಗಡಿಯಮ್ಮ. ಬೇಕರಿಯಿಂದ ಸ್ವೀಟು ತರಿಸಾನ ಅಂತಾವೆ ಈಗಿನ ಸಿಸ್ಟರ್ ಹುಡುಗೀರು" ಅಂದರು. ಅಂದು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಅವತ್ತೇ ನೋಡಿದ್ದು.

"ಅದಕ್ಯಾಕ ಚಿಂತಿ? ಅಕ್ಕಿಯಿಂದ ಹಿಡಿದು ಎಣ್ಣೆತನಕ ಎಲ್ಲಾ ನಾನೇ ಕಳಿಸ್ತೀನಿ."

"ನಿಮಗೆ ಕೊಡೋದು ಸುಲಭ. ಬೇಡಿ ತಂದ್ರೆ ಹೇಳ್ರಿ, ಮೇಜು ಹಾಕಾನ."

ಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನು ಮಡಿಚಿ ಸೆರಗಿನೊಳಗೆ ಇಟ್ಟುಕೊಂಡಿದ್ದೆ, ಯಾರಾದರೂ ನೋಡಿಯಾರು ಅಂತ.

ಮಾರನೆಯ ದಿನ ಮೊದಲು ಹೋದದ್ದು ಎಣ್ಣೆ ಅಂಗಡಿ ಶೆಟ್ಟರ ಹತ್ತಿರ. ನಾವಿಬ್ಬರೂ ಎಷ್ಟೋ ವರ್ಷದಿಂದ ರೇಟಿನ ಮೇಲೆ ಜಗಳಾಡಿದವರು. "ಬಂದ್ರಪ್ಪ ಅಕ್ಕಾರು, ಇವತ್ತಿನ ನನ್ನ ಲಾಭ ಹೋತು" ಅಂತ ಎದ್ದರು.

"ಕೊಳ್ಳಾಕೆ ಬಂದಿಲ್ಲ ಶೆಟ್ರೆ."

"ಮತ್ತೆ?"

ಚೀಲ ಬಿಡಿಸಿ ಹಿಡಿದೆ. "ಒಂದಿಷ್ಟು ಎಣ್ಣೆ ಹಾಕ್ರಿ. ಬೇಡಾಕೆ ಬಂದೀನಿ."

ಶೆಟ್ಟರು ನಗುತ್ತಾ ಇದ್ದವರು ನಗು ನಿಲ್ಲಿಸಿದರು. ಕೆಲಸದವನನ್ನು ಆಚೆ ಕಳಿಸಿ, ದನಿ ತಗ್ಗಿಸಿ, "ಏನಾತ್ರಿ ಅಕ್ಕಾರ? ಅಂಗಡಿ ಕಡೆ ಏನರ ಹೆಚ್ಚು ಕಡಿಮೆ ಆತೇನು? ನನ್ನ ಹತ್ರ ಮುಚ್ಚಿಡಬ್ಯಾಡ್ರಿ" ಅಂದರು. ದಿವಾಳಿಯಾದಳು ಅಂದುಕೊಂಡಿದ್ದರು! ಹಬ್ಬದ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಬೆವರಿದ್ದೆ. ಅವರು ಒಂದು ಕ್ಯಾನ್ ತಂದಿಟ್ಟರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಅಭ್ಯಾಸ ಬಲದಲ್ಲಿ, "ಶೇಂಗಾ ಎಣ್ಣೆ ಇಲ್ಲೇನ್ರಿ? ಇದು ಅಷ್ಟು ಚಲೋ ಬರಲ್ಲ" ಅಂದೆ.

"ಭಿಕ್ಷಕ್ಕೂ ಚೌಕಾಶಿಯಾ!" ಅಂತ ಶೆಟ್ಟರು ಗಲ್ಲಾ ಬಡಿದು ನಕ್ಕರು. ಶೇಂಗಾ ಎಣ್ಣೆಯನ್ನೇ ಕೊಟ್ಟರು. ಆದರೂ ನಾನು ಬೇಡಿದ ಸುದ್ದಿ ಹರಡಿತ್ತು. ಮಧ್ಯಾಹ್ನದೊಳಗೆ ನನಗೆ ಅಕ್ಕಿ ಕೊಡುವ ಮಿಲ್ಲಿನವರ ಫೋನು ಬಂತು, "ಎಲ್ಲಾ ಸರಿ ಐತಲ್ರೀ?" ಅಂತ. ಕಟ್ಟಿಕೊಂಡ ಹೆಸರು ಒಂದೇ ಬೆಳಗಿನಲ್ಲಿ ಅಲ್ಲಾಡಿತು. ಚೀಲ ವಾಪಸ್ ಕೊಟ್ಟುಬಿಡೋಣ ಅನಿಸಿತು. ಕಿಟಕಿಯ ಕಡೆ ತಿರುಗಿದ ಆ ಮುಖ ನೆನಪಾಗಿ ಮುಂದಕ್ಕೆ ನಡೆದೆ.

ಹಾಲು, ಮೈದಾ, ಜೇನು, ಕಿತ್ತಳೆ ಎಲ್ಲ ಹೀಗೇ ಬೇಡಿದ್ದಾಯಿತು, ಉಳಿದದ್ದು ಅಕ್ಕಿ. ನನ್ನ ಅಂಗಡಿಯದು ಸಲ್ಲದು. ಹೊಸ ಅಕ್ಕಿ ಮನೆಯಲ್ಲಿಟ್ಟುಕೊಂಡವರು ರೈತರೇ ಅಂತ ಪಕ್ಕದ ಶಾಮನೂರಿಗೆ ಹೋಗಿ, ಗುರುತಿಲ್ಲದ ಒಂದು ಮನೆಯ ಬಾಗಿಲಲ್ಲಿ ನಿಂತೆ. ಕೈಯಲ್ಲಿ ಬಟ್ಟಲಿನ ಬದಲು ಚೀಲ, ಅಷ್ಟೇ ವ್ಯತ್ಯಾಸ. ಒಬ್ಬ ಅಜ್ಜಿ ಬಂದಳು.

"ಬಾಗ್ಲಾಗ ಯಾಕ ನಿಂತಿ? ಒಳಗ ಬಾ, ಕೂಡ್ರು."

ನಾನು ಕೂರಲಿಲ್ಲ. ಹಬ್ಬಕ್ಕೆ ಒಂದು ಹಿಡಿ ಹೊಸ ಅಕ್ಕಿ ಬೇಕು ಅಂದೆ.

"ಯಾವ ದೇವ್ರು?"

"ಜೋಸೆಫ್ ಅಂತ. ಬಡಗಿ ಕೆಲಸ ಮಾಡೋನು."

"ಬಡಗ್ಯಾ? ಹಂಗಾದ್ರೆ ನೇಗಿಲು ಮಾಡಿಕೊಡೋನೇ" ಅಂತ ಅಜ್ಜಿ ಸೇರು ತುಂಬಿ ಸುರಿದಳು. ಮತ್ತೊಂದು ತುಂಬಿದಳು. "ಇದು ನಿನ್ನ ಪಾಲಿಂದು. ಮುಖ ಬಾಡೇತೆ, ಉಂಡು ಹೋಗು." ಹಿಟ್ಟಿನ ಬಟ್ಟಲು ಹಿಡಿದ ಆ ಮಗು ನನ್ನೊಳಗೆ ಇಷ್ಟು ವರ್ಷ ನಿಂತೇ ಇತ್ತು. ಅವತ್ತು ಕೂತು ಉಂಡಿತು.

ಹಬ್ಬದ ದಿನ ಸಿಸ್ಟರಮ್ಮನ ಕುರ್ಚಿಯನ್ನು ಒಲೆಯ ಪಕ್ಕಕ್ಕೆ ತಂದರು. ಕರಿಯುವವಳು ನಾನು, ಹೇಳುವವರು ಅವರು. "ತೆಳ್ಳಗೆ. ಇನ್ನೂ ತೆಳ್ಳಗೆ. ಮಿರ್ಚಿ ಬಿಟ್ಟಂಗೆ ಬಿಡಬ್ಯಾಡ್ರಿ, ತಳ್ಳಿ." ತಳ್ಳುವಾಗ ಎಣ್ಣೆ ಚಟ್ ಅಂತ ಸಿಡಿದು ನನ್ನ ಮಣಿಕಟ್ಟಿಗೆ ಬಿತ್ತು. ನಾನು ಹಾ ಅನ್ನುವ ಮೊದಲೇ ಅವರು ಕೈ ಹಿಡಿದು ನೋಡಿ, "ಬಿತ್ತಾ ಒಂದು ಕಾಳು?" ಅಂದರು. ತಮ್ಮ ಕೈಯನ್ನು ಅದರ ಪಕ್ಕಕ್ಕೆ ಇಟ್ಟು ತೋರಿಸಿದರು. ಮೇಜು ತುಂಬಿತು. ಶೆಟ್ಟರು ಬಂದಿದ್ದರು, ಶಾಮನೂರಿನ ಅಜ್ಜಿ ಮೊಮ್ಮಗಳ ಜೊತೆ ಬಂದಿದ್ದಳು. ಎಲ್ಲರೂ ಎದ್ದ ಮೇಲೆ ಸಿಸ್ಟರಮ್ಮ ಪಾತ್ರೆಯ ತಳದಲ್ಲಿ ಮುರಿದು ಉಳಿದಿದ್ದ ಒಂದು ಚೂರು ತಿಂದು, ಕಣ್ಣು ಮುಚ್ಚಿ, "ಸರಿ ಐತೆ" ಅಂದರು. ಅವರ ಬಾಯಿಂದ ನಾನು ಗಳಿಸಿದ ಹೊಗಳಿಕೆ ಅಷ್ಟೇ.

ಈಸ್ಟರ್ ಮುಗಿದ ಮೇಲೆ ಸಿಸ್ಟರಮ್ಮ ಆ ದೂರದ ಮನೆಗೆ ಹೋದರು. ಫೋನಿನಲ್ಲಿ ಮಾತಾಡುತ್ತಿದ್ದೆವು, ಅಲ್ಲಿಯ ಊಟ ಸಪ್ಪೆ ಅನ್ನುತ್ತಿದ್ದರು, ಗಿರಾಕಿಗಳ ಜಗಳ ಹೇಳಿ ಅನ್ನುತ್ತಿದ್ದರು. ಮಳೆಗಾಲ ಕಳೆಯುವ ಮುಂಚೆ ಆ ಫೋನಿನಿಂದ ಬೇರೆ ಸಿಸ್ಟರ್ ಮಾತಾಡಿದರು. ನಿದ್ದೆಯಲ್ಲೇ ಹೋದರಂತೆ.

ಅವರು ಕೂರುತ್ತಿದ್ದ ಮೂಟೆಯ ಜಾಗ ಅಂಗಡಿಯಲ್ಲಿ ಹಾಗೇ ಇದೆ. ಮೂಟೆ ಮಾರಿಹೋಗುತ್ತದೆ, ಮತ್ತೊಂದು ಬರುತ್ತದೆ, ಅಲ್ಲೇ ಇಡಿಸುತ್ತೇನೆ. ಒಳ್ಳೇ ವ್ಯಾಪಾರ ಕುದುರಿದಾಗ ಆ ಕಡೆ ತಿರುಗುತ್ತೇನೆ, ಗೆದ್ದೆನೋ ಸೋತೆನೋ ಹೇಳುವವರಿಲ್ಲ. ಬೇಸಿಗೆ ಶುರುವಾಗಿ ಗಾಡಿಯಲ್ಲಿ ಕೊನೆಯ ಕಿತ್ತಳೆ ಕಂಡರೆ ಹರಿಹರದ ಬಸ್ಸಿನಿಂದ ಇಳಿಯುವ ಬಿಳಿ ಬಟ್ಟೆಯನ್ನೆಲ್ಲ ನೋಡುತ್ತಾ ನಿಲ್ಲುತ್ತೇನೆ. ಆಮೇಲೆ ಚೀಲ ಹೆಗಲಿಗೆ ಹಾಕಿ ಹೊರಡುತ್ತೇನೆ. ಈಗ ನನ್ನ ಮಣಿಕಟ್ಟಿನ ಮೇಲೂ ನಾಲ್ಕಾರು ಕಾಳು ಬಿದ್ದಿವೆ.

ನೀವೂ ಮಾಡುವುದಾದರೆ ಹೇಳುತ್ತೇನೆ, ಕೇಳಿ. ಅನ್ನ ಪೂರ್ತಿ ಆರಲಿ, ಬಿಸಿ ಇದ್ದಾಗ ಈಸ್ಟು ಹಾಕಿದರೆ ಕೆಟ್ಟಿತು. ಕಿತ್ತಳೆ ಸಿಪ್ಪೆಯ ಬಣ್ಣವನ್ನಷ್ಟೇ ತುರಿಯಿರಿ, ಒಳಗಿನ ಬಿಳಿ ಬಂದರೆ ಕಹಿ. ಜೇನು ಕುದಿಸಬೇಡಿ. ಮೊದಲ ತಟ್ಟೆ ಮನೆಯವರಿಗೆ ಬೇಡ, ಹೆಸರು ಗೊತ್ತಿಲ್ಲದವರಿಗೆ ಕೊಡಿ. ಅಕ್ಕಿ ಹೊಸದೇ ಆಗಬೇಕು. ಸಿಗದಿದ್ದರೆ ಪಿ.ಜೆ. ಬಡಾವಣೆಗೆ ಬನ್ನಿ, ನನ್ನ ಅಂಗಡಿಯಲ್ಲಿ ಒಂದು ಮೂಟೆ ಅದಕ್ಕೇ ಅಂತ ತೆಗೆದಿಟ್ಟಿರುತ್ತೇನೆ. ದುಡ್ಡು ತರಬ್ಯಾಡ್ರಿ. ಚೀಲ ತರ್ರಿ.