ಪೇಟಿ ಚಾಚಾ ಕಟ್ಟಿದ ಹೃದಯ

ಅವರ ಎಡಗೈ ಸುಮ್ಮನಿದ್ದದ್ದನ್ನು ನಾನು ನೋಡಿದವನೇ ಅಲ್ಲ. ಚಹದ ಅಂಗಡಿಯ ಬಾಕಿನ ಮೇಲೆ ಕೂತಾಗ, ಮದುವೆಯ ಊಟಕ್ಕೆ ಪಂಕ್ತಿಯಲ್ಲಿ ಕಾಯುವಾಗ, ಕ್ಷೌರಿಕನ ಮುಂದೆ ಗದ್ದ ಒಡ್ಡಿ ಕೂತಾಗಲೂ ಆ ಕೈ ಗಾಳಿಯಲ್ಲಿ ಮೆಲ್ಲಗೆ ತೆರೆದು ಮುಚ್ಚುತ್ತಲೇ ಇರುತ್ತಿತ್ತು. ನಲವತ್ತು ವರ್ಷ ಹಾರ್ಮೋನಿಯಂ ತಿದಿ ಒತ್ತಿದ ಕೈ ಅದು, ರಜೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ. ಹೊಸದಾಗಿ ಬಂದ ಕ್ಷೌರಿಕನೊಬ್ಬ, "ಚಾಚಾ, ಕೈ ನಡುಗಾಕತ್ತೈತಲ್ರಿ, ಲಕ್ವಾ ಹೊಡದೈತೇನ್ರಿ?" ಎಂದು ಕೇಳಿದ. "ಲಕ್ವಾ ನಿನ್ನ ಕೈಗೆ ಹೊಡದೈತಿ. ಕನ್ನಡಿ ಕೊಡು ಇಲ್ಲೆ, ಎಷ್ಟು ಕಡೆ ಕೊಯ್ದೀದಿ ಎಣಿಸೋಣು" ಎಂದರು ಇವರು.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಅವರ ಅಂಗಡಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ಅದನ್ನು ರಿಪೇರಿ ಮಾಡುವ ಅವರು ಊರಿಗೆಲ್ಲ ಪೇಟಿ ಚಾಚಾ. ನಾಟಕ ಕಂಪನಿಯ ಪೇಟಿ, ಶಿರಗುಪ್ಪಿಯ ಭಜನೆಯವರ ಪೇಟಿ, ಅರಳೆ ವ್ಯಾಪಾರಿಗಳು ಶೋಕಿಗೆ ಕೊಂಡಿಟ್ಟ ಪೇಟಿ, ಯಾವುದು ಕೆಟ್ಟರೂ ಅಲ್ಲಿಗೇ ಬರಬೇಕು. ಚಾಚಾ ಅದಕ್ಕೆ ಕಿವಿ ಆನಿಸಿ, ಎರಡು ಸಲ ತಿದಿ ಒತ್ತಿ, ದೊಡ್ಡ ವೈದ್ಯರ ಗತ್ತಿನಲ್ಲಿ ರೋಗ ಹೇಳುತ್ತಿದ್ದರು. "ಇದಕ್ಕ ದಮ್ಮು ಐತಿ." "ಇದಕ್ಕ ನೆಗಡಿ." ಒಮ್ಮೊಮ್ಮೆ, "ಪೇಟಿ ಛಲೋ ಐತ್ರಿ, ಬಾರಿಸಾವಗ ರೋಗ ಐತಿ."

ಅವರದೊಂದು ವಿಚಿತ್ರ ಕಟ್ಟಳೆ ಇತ್ತು. ರಿಪೇರಿಯಾದ ಪೇಟಿಯನ್ನು ಆಳಿನ ಕೈಯಲ್ಲಿ ಕಳಿಸುತ್ತಿರಲಿಲ್ಲ. ಮಾಲೀಕನೇ ಬರಬೇಕು, ಅದೂ ಟಾಂಗಾ ಹತ್ತದೆ ನಡೆದು ಬರಬೇಕು. "ಪೇಟಿ ಬಾರಿಸಿದ್ರ ಕೆಡೂದಿಲ್ರಿ, ಮಖಮಲ್ ಹೊಚ್ಚಿ ಮೂಲ್ಯಾಗ ಇಟ್ರ ಕೆಡತೈತಿ. ಮನಷ್ಯಾನೂ ಹಂಗ" ಎನ್ನುತ್ತಿದ್ದರು. ದೊಡ್ಡ ಹೊಟ್ಟೆಯ ಸಾಹುಕಾರರೊಬ್ಬರು ಓಣಿಯ ತುದಿಯ ತನಕ ಟಾಂಗಾದಲ್ಲಿ ಬಂದು, ಅಲ್ಲಿಂದ ನಡೆದು, ಹಣೆಗೆ ಒಂದಿಷ್ಟು ನೀರು ಚಿಮುಕಿಸಿಕೊಂಡು ಬೆವರಿದವರ ಹಾಗೆ ನಿಂತರು. ಚಾಚಾ ಅವರ ಉಸಿರಿಗೆ ಕಿವಿಗೊಟ್ಟು, "ನಡದ ಉಸಿರು ಅಲ್ರಿ ಇದು, ಕುಂತ ಉಸಿರು. ನಾಳೆ ಬರ್ರಿ" ಎಂದು ಹಿಂದಕ್ಕೆ ಕಳಿಸಿದರು. ಆ ಸಾಹುಕಾರರು ಬೈಯುತ್ತ ಹೋದರು, ಮರುದಿನ ಬೈಯುತ್ತಲೇ ನಡೆದು ಬಂದರು.

ಇಂಥ ಮನುಷ್ಯ ಬೀಡಿ ಸೇದುತ್ತಿದ್ದರು ಎಂದರೆ ನಂಬುವುದು ಕಷ್ಟ. ಸೇದುವಾಗ ಮಾತ್ರ ಅಂಗಡಿಯಿಂದ ಎದ್ದು ಎದುರಿನ ಬೇವಿನ ಮರದ ಬುಡಕ್ಕೆ ಹೋಗುತ್ತಿದ್ದರು. ಯಾಕೆಂದು ಕೇಳಿದರೆ, "ಹೊಗಿ ಪೇಟಿಗೆ ಆಗೂದಿಲ್ರಿ ಮಾಸ್ತರ, ಸ್ವರ ಕೆಡತಾವ." "ನಿಮ್ಮ ಎದಿಗೆ ಆಗತದೇನ್ರಿ?" ಎಂದರೆ, "ನನ್ನ ಎದಿ ಯಾರೂ ಬಾರಿಸೂದಿಲ್ಲಲ್ರಿ" ಎಂದು ನಗುತ್ತಿದ್ದರು.

ನಾನು ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಧಾರವಾಡದಿಂದ ಬಂದ ಹಂಗಾಮಿ ಮಾಸ್ತರ, ವಯಸ್ಸು ಇಪ್ಪತ್ಮೂರು. ಮೂವತ್ತರ ದಶಕದ ಆ ದಿನಗಳಲ್ಲಿ ಕಾಯಂ ನೌಕರಿ ಎಂದರೆ ಹುಡುಗಾಟವಲ್ಲ. ನನಗೆ ಒಂದು ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ತಂದೆ ಮಾತ್ರ ಖಡಾಖಂಡಿತ ಹೇಳಿಬಿಟ್ಟಿದ್ದರು: "ಹುಡುಗ ಕಾಯಂ ಆದ ದಿವಸ ಅಕ್ಷತಿ. ಹಂಗಾಮಿ ಮಾಸ್ತರಗ ಹಂಗಾಮಿ ಹೆಂಡ್ತಿ ನಮ್ಮ ಮನ್ಯಾಗ ಇಲ್ಲ." ಕಾಯಂ ಆಗುವುದು ಇನ್‌ಸ್ಪೆಕ್ಟರ್ ಸಾಹೇಬರ ಎದುರು ಮಾಡುವ ಒಂದು ಪಾಠದ ಮೇಲೆ ನಿಂತಿತ್ತು. ಹೆಡ್‌ಮಾಸ್ತರರು ನನಗೆ ಕೊಟ್ಟ ಪಾಠ: ಹೃದಯ, ರಕ್ತ, ಶ್ವಾಸಕೋಶ. ಬೇರೆ ಯಾವ ಮಾಸ್ತರರೂ ಅದನ್ನು ಮುಟ್ಟಲು ಒಪ್ಪಿರಲಿಲ್ಲ.

ಪುಸ್ತಕದಲ್ಲಿ ಹೃದಯವು 'ಸ್ನಾಯುಮಯವಾದ ಚತುಷ್ಕೋಷ್ಠ ಅವಯವ'ವಾಗಿತ್ತು. ಏಳನೆಯ ಇಯತ್ತೆಯ ಹುಡುಗರಿರಲಿ, ನನಗೇ ಅದು ಬಾಯಲ್ಲಿ ಕೂರುತ್ತಿರಲಿಲ್ಲ. ಒಂದು ಕುರಿಯ ಹೃದಯ ತಂದು ಕೊಯ್ದು ತೋರಿಸೋಣವೆಂದು ಹೆಡ್‌ಮಾಸ್ತರರ ಅಪ್ಪಣೆ ಕೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಸರಸ್ವತಿ ಇರೋ ಜಾಗದಾಗ ಕುರಿ ತರತೀರೇನು? ನಾ ಇರೋತನಕ ಕುರಿದೊಂದು ಕೂದಲಾ ಸುದ್ಧಾ ಈ ಹೊಸ್ತಿಲಾ ದಾಟಬಾರದು!"

ಸಂಜೆ ಮೆಟ್ಟಿಲ ಮೇಲೆ ತಲೆಗೆ ಕೈ ಹಚ್ಚಿ ಕೂತವನನ್ನು ಚಾಚಾ ವಿಚಾರಿಸಿದರು. ಎಲ್ಲ ಹೇಳಿದೆ. ಅವರು ನಗಲು ಶುರುಮಾಡಿದವರು ಕೆಮ್ಮು ಬಂದ ಮೇಲೇ ನಿಲ್ಲಿಸಿದ್ದು.

"ನಿಮ್ಮ ಹೆಡ್‌ಮಾಸ್ತರರ ಮನ್ಯಾಗ ಶನಿವಾರ ಭಜನಿ ಆಗತೈತಲ್ರಿ, ಆ ಪೇಟಿ ಒಳಗ ಏನೈತಿ? ಕುರಿ ಚರ್ಮ. ಗಾಳಿ ಹಿಡಿಯೂದು, ಬಿಡೂದು ಎಲ್ಲಾ ಅದರದ ಕೆಲಸ. ಅವರ ದೇವರು ಅದನ್ನ ಕೇಳಾಕತ್ತು ಇಪ್ಪತ್ತು ವರ್ಷ ಆತು. ಇರ್ಲಿ, ನಿಮ್ಮ ಪುಸ್ತಕದಾಗ ಏನ ಬರದಾರ, ನನಗ ತಿಳಿಯೂ ಹಂಗ ಹೇಳ್ರಿ."

ಹೇಳಿದೆ. ಎದೆಗೂಡು ಹಿಗ್ಗಿದಾಗ ಗಾಳಿ ಒಳಗೆ, ಕುಗ್ಗಿದಾಗ ಹೊರಗೆ. ಹೃದಯದ ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಅದು ಒಳ್ಳೆಯ ಗಾಳಿ ಕೂಡಿಕೊಂಡು ಎಡಭಾಗಕ್ಕೆ ಬರುತ್ತದೆ. ಎಡಭಾಗ ಅದನ್ನು ಮೈಗೆಲ್ಲ ದೂಡುತ್ತದೆ. ನಡುವೆ ಕವಾಟಗಳಿವೆ, ಹೋದ ರಕ್ತವನ್ನು ಹಿಂದಕ್ಕೆ ಬರಗೊಡುವುದಿಲ್ಲ.

"ಕವಾಟ ಅಂದರ ಪರದಿ" ಎಂದರು ಚಾಚಾ. ಒಂದು ಪೇಟಿಯ ಹೊಟ್ಟೆ ತೆರೆದು, ತೂತಿನ ಮೇಲೆ ಒಂದು ಬದಿ ಅಂಟಿಸಿದ ಚರ್ಮದ ತುಂಡು ತೋರಿಸಿದರು. ಊದಿದರೆ ಏಳುತ್ತಿತ್ತು, ಹೀರಿದರೆ ಗಪ್ಪನೆ ಕೂರುತ್ತಿತ್ತು. "ಹೋಗಾಕ ದಾರಿ, ಹೊಳ್ಳಿ ಬರಾಕ ಇಲ್ಲ. ಇಷ್ಟಕ್ಕ ಅಷ್ಟು ದೊಡ್ಡ ಮಾತು ಯಾಕ ಬರದಾರ್ರಿ? ಮತ್ತ ಮಾಸ್ತರ, ಎಡಗಡೆ ಗೋಡಿ ದಪ್ಪ ಇರಬೇಕು ನೋಡ್ರಿ. ಮೈಯೆಲ್ಲಾ ಸುತ್ತಾಕ ಜೋರು ಬೇಕಲ್ಲ." ಪುಸ್ತಕ ತೆಗೆದು ನೋಡಿದೆ. ಎಡಗಡೆಯ ಗೋಡೆಯೇ ದಪ್ಪವೆಂದು ಅಲ್ಲಿ ಬರೆದಿತ್ತು. ಓದಿಯೂ ನಾನು ಗಮನಿಸಿರಲಿಲ್ಲ. ಅವರ ಎಡಗೈ ಮಾತ್ರ ತನ್ನಷ್ಟಕ್ಕೆ ಒತ್ತುತ್ತಲೇ ಇತ್ತು.

ಎಂಟು ದಿನದಲ್ಲಿ ಒಂದು ಹಲಗೆಯ ಮೇಲೆ ಎದೆಯನ್ನೇ ಕಟ್ಟಿಕೊಟ್ಟರು. ಒಂದು ಬದಿಗೆ ಶ್ವಾಸಕೋಶ, ಅಂದರೆ ಹಳೆಯ ಪೇಟಿಯ ತಿದಿ. ಇನ್ನೊಂದು ಬದಿಗೆ ಹೃದಯ: ಸಾಲೆಯ ಆಟದ ಮಾಸ್ತರರಿಂದ ಬೇಡಿ ತಂದ ಎರಡು ಫುಟ್‌ಬಾಲ್ ಬ್ಲ್ಯಾಡರು, ಸೈಕಲ್ಲಿನ ರಬ್ಬರ್ ನಳಿಕೆ, ನಡುವೆ ಮೇಣ ತಿಕ್ಕಿದ ಕುರಿಚರ್ಮದ ಪರದೆಗಳು, ಒಳಗೆ ಕೆಂಪು ಶಾಯಿ ಕಲಸಿದ ನೀರು. ಮೊದಲ ಸಲ ಒತ್ತಿದಾಗ ಒಂದು ಪರದೆ ಸರಿಯಾಗಿ ಕೂರದೆ ನೀರು ಹಿಂದಕ್ಕೆ ನುಸುಳಿತು. ಚಾಚಾ ಒಂದು ನಳಿಕೆಯ ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಅಲ್ಲಲ್ಲಿ ಮುಟ್ಟಿಸಿ ಸೋರುವ ಪರದೆ ಹುಡುಕಿದರು. ನನಗೂ ಕೇಳಿಸಿದರು. ಕೆಟ್ಟ ಪರದೆಯ ಹತ್ತಿರ 'ಸುಯ್' ಎಂಬ ಸಣ್ಣ ಸದ್ದು. "ಈ ಸಪ್ಪಳ ನೆನಪಿಡ್ರಿ. ಇದು ಸೋರೂ ಸಪ್ಪಳ" ಎಂದು ಹೇಳಿ ಹೊಸ ಚರ್ಮ ಹಾಕಿದರು.

ಇಷ್ಟೆಲ್ಲ ಮಾಡಿದವರು ಒಂದು ಮಾತು ನನಗೆ ಹೇಳಲು ಮರೆತರು. ತಿದಿಯ ಗಾಳಿ ಸೋರುತ್ತದೋ ಇಲ್ಲವೋ ನೋಡಲು ಅದಕ್ಕೊಂದು ಸ್ವರ, ಅಂದರೆ ಗಾಳಿ ತಾಗಿದರೆ ನುಡಿಯುವ ಹಿತ್ತಾಳೆಯ ನಾಲಗೆ, ಕೂರಿಸಿದ್ದರು. ಅದನ್ನು ತೆಗೆದಿರಲಿಲ್ಲ.

ಪಾಠದ ದಿನ ಇನ್‌ಸ್ಪೆಕ್ಟರ್ ಸಾಹೇಬರು ರುಮಾಲು, ಉದ್ದ ಕೋಟು ಸಮೇತ ಮೆಟ್ಟಿಲೇರಿ ಏದುತ್ತ ಬಂದು ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಹೆಡ್‌ಮಾಸ್ತರರು. ನಾನು, "ಮಕ್ಕಳೇ, ಇದು ನಮ್ಮ ಎದೆಗೂಡು" ಎಂದು ಗಂಭೀರವಾಗಿ ತಿದಿ ಒತ್ತಿದೆ. ಎದೆಗೂಡಿನಿಂದ ತುಂಬು ಕಂಠದ 'ಸಾ' ಹೊರಟಿತು.

ನಮ್ಮ ಸಾಲೆಯಲ್ಲಿ ದಿನಾ ಬೆಳಗಿನ ಪ್ರಾರ್ಥನೆ ಪೇಟಿಯ 'ಸಾ' ಕೇಳಿದೊಡನೆ ಶುರುವಾಗುತ್ತಿತ್ತು. ಸಾಲೆಯ ಪೇಟಿಯನ್ನು ಶ್ರುತಿ ಮಾಡಿದವರೂ ಚಾಚಾನೇ. ಅದೇ 'ಸಾ'. ನಲವತ್ತು ಹುಡುಗರು ಒಮ್ಮೆಲೇ ಎದ್ದು, ಕೈಮುಗಿದು, ಕಣ್ಣುಮುಚ್ಚಿ ಪ್ರಾರ್ಥನೆ ಎತ್ತಿಕೊಂಡರು. ಹೆಡ್‌ಮಾಸ್ತರರೂ ಅಭ್ಯಾಸಬಲದಿಂದ ಎದ್ದು ಕಣ್ಣುಮುಚ್ಚಿದರು. ದೇವರ ಸ್ತುತಿ ನಡೆದಾಗ ಕೂತಿರುವುದು ಹೇಗೆಂದು ಸಾಹೇಬರೂ ಎದ್ದರು. ನಾನು ತಿದಿ ಬಿಡುವ ಹಾಗಿಲ್ಲ, ಏಕೆಂದರೆ ನಡುವೆ ಶ್ರುತಿ ನಿಂತರೆ ಮೊದಲ ನುಡಿಯಿಂದ ಮತ್ತೆ ಹಾಡಬೇಕೆಂಬುದು ಹೆಡ್‌ಮಾಸ್ತರರದೇ ನಿಯಮ. ನುಡಿಗಳು ಎಂಟು. ಒಂದೊಂದು ನುಡಿಗೂ ನನ್ನ ಮದುವೆ ಒಂದೊಂದು ಗಾವುದ ದೂರ ಸರಿಯುತ್ತಿತ್ತು. ಭಯಕ್ಕೆ ಇನ್ನಷ್ಟು ಜೋರಾಗಿ ಒತ್ತಿದೆ.

ಪ್ರಾರ್ಥನೆ ಮುಗಿದಾಗ ನಾನು ಬೆವರಿ ತೊಯ್ದು ಏದುತ್ತಿದ್ದೆ. ಮೆಟ್ಟಿಲೇರಿ ಏದಿದ್ದ ಸಾಹೇಬರ ಉಸಿರು ಈಗ ಶಾಂತವಾಗಿತ್ತು. ಅವರು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

"ಹುಡುಗರಾ, ನಿಮ್ಮ ಮಾಸ್ತರರ ನಾಡಿ ಕುದರಿ ಓಡಿಧಾಂಗ ಓಡಲಿಕ್ಕೆ ಹತ್ತೇದ. ನೀವು ಅಷ್ಟು ಹಾಡಿದ್ರಿ, ನಿಮಗ ಏನೂ ಆಗಿಲ್ಲ. ಯಾಕ? ಯಾರು ಹೇಳ್ತೀರಿ?"

ಹಿಂದಿನ ಬಾಕಿನ ಹುಡುಗನೊಬ್ಬ ಎದ್ದ. "ಸಾಹೇಬ್ರ, ನಾವು ಬರೇ ನಿಂತಿದ್ವಿರಿ, ಮಾಸ್ತರು ತಿದಿ ಒತ್ತಾಕತ್ತಿದ್ರು. ದುಡಿಯೂ ಕೈಗೆ ರಕ್ತ ಜಾಸ್ತಿ ಬೇಕರಿ. ಅದಕ್ಕ ಹೃದಯ ಲಗೂ ಲಗೂ ಹೊಡಿತೈತಿ. ರಕ್ತಕ್ಕ ಗಾಳಿ ಜಾಸ್ತಿ ಬೇಕು, ಅದಕ್ಕ ದಮ್ಮು ಹತ್ತತೈತ್ರಿ."

"ಮತ್ತ ನನಗ ಮೆಟ್ಟಲಾ ಹತ್ತಿದ ಕೂಡಲೇ ಯಾಕ ದಮ್ಮು ಹತ್ತತದ?"

ಹುಡುಗ ಹೆಡ್‌ಮಾಸ್ತರರನ್ನೊಮ್ಮೆ ನೋಡಿ, ಧೈರ್ಯ ಮಾಡಿ ಹೇಳಿದ: "ಮಖಮಲ್ ಹೊಚ್ಚಿ ಮೂಲ್ಯಾಗ ಇಟ್ಟ ಪೇಟಿ ಆಗೈತ್ರಿ ನಿಮ್ಮ ಎದಿ." ನಾನು ಚಾಚಾನ ಮಾತನ್ನು ತರಗತಿಯಲ್ಲಿ ಹೇಳಬಾರದಿತ್ತು.

ಸಾಹೇಬರು ರುಮಾಲು ಅಲುಗುವ ಹಾಗೆ ನಕ್ಕರು. ಹೃದಯವನ್ನು ತಾವೇ ಒತ್ತಿ, ಕೆಂಪು ನೀರು ಒಂದೇ ದಾರಿ ಹಿಡಿದು ಸುತ್ತುವುದನ್ನು ಹುಡುಗರಿಗಿಂತ ಹೆಚ್ಚು ಹೊತ್ತು ನೋಡಿದರು. ಪರದೆ ಯಾವುದರದು ಎಂದು ಕೇಳಿದರು. "ಕುರಿ ಚರ್ಮದ್ದರೀ" ಎಂದೆ. ಹೆಡ್‌ಮಾಸ್ತರರು ಕಿಟಕಿಯ ಹೊರಗೆ ನೋಡತೊಡಗಿದರು. ಹೋಗುವಾಗ ಸಾಹೇಬರು, "ಆ ಸ್ವರ ತೆಗೀಬ್ಯಾಡ್ರಿ" ಎಂದಷ್ಟೇ ಹೇಳಿದರು. ತಿಂಗಳಲ್ಲಿ ನಾನು ಕಾಯಂ ಆದೆ, ಅಕ್ಷತೆಯೂ ಬಿತ್ತು. ಮದುವೆಯ ಮಂಟಪದಲ್ಲಿ ಚಾಚಾ ಎಡಗೈ ಆಡಿಸುತ್ತ ಕೂತಿದ್ದರು. ಮಾವನವರಿಗೆ, "ನಿಮ್ಮ ಅಳಿಯನ ಹೃದಯ ನಾನ ಕಟ್ಟೇನ್ರಿ, ಗ್ಯಾರಂಟಿ ಮಾಲು" ಎಂದರು.

ಸೋರುವ ಪರದೆ ಹುಡುಕಿದ ಆ ನಳಿಕೆ ಆಮೇಲೆ ಓಣಿಗೆಲ್ಲ ಆಟದ ಸಾಮಾನಾಯಿತು. ಎಲ್ಲರೂ ಎಲ್ಲರ ಎದೆ ಕೇಳುವವರೇ. ಎಲ್ಲರದೂ ಲಬ್‌ಡಬ್, ಲಬ್‌ಡಬ್. "ಪರದಿ ಮುಚ್ಚೂ ಸಪ್ಪಳ ಅದು" ಎಂದು ಚಾಚಾ ಎಲ್ಲರಿಗೂ ಹೇಳುತ್ತಿದ್ದರು. ಒಂದು ಸಂಜೆ ನಾನು ತಮಾಷೆಗೆ, "ನಿಮ್ಮದೂ ನೋಡೋಣು ಬರ್ರಿ" ಎಂದು ಅವರ ಎದೆಗೆ ನಳಿಕೆ ಹಚ್ಚಿದೆ. ಲಬ್, ಸುಯ್. ಲಬ್, ಸುಯ್.

ನಳಿಕೆ ಸರಿಸಿ ಮತ್ತೆ ಹಚ್ಚಿದೆ, ಅದೇ ಸದ್ದು. ನನ್ನ ಮುಖ ಹೇಳಿರಬೇಕು. "ಕೊಡ್ರಿ ಇಲ್ಲೆ" ಎಂದು ನಳಿಕೆ ಕಸಿದುಕೊಂಡು ತಾವೇ ಕೇಳಿದರು. ಬಹಳ ಹೊತ್ತು ಕೇಳಿದರು.

"ಹೂಂ. ಒಂದು ಪರದಿ ಸೋರಾಕತ್ತೈತಿ" ಎಂದರು, ಬೇರೆಯವರ ಪೇಟಿಯ ರೋಗ ಹೇಳುವ ದನಿಯಲ್ಲೇ.

ಒತ್ತಾಯದಿಂದ ಡಾಕ್ಟರರ ಹತ್ತಿರ ಕರೆದೊಯ್ದೆ. ಚಿಕ್ಕಂದಿನಲ್ಲಿ ಜ್ವರ ಬಂದು ಕೀಲು ಬಾತಿದ್ದವೇ ಎಂದು ಡಾಕ್ಟರರು ಕೇಳಿದರು. ಬಾತಿದ್ದವು. ಆ ಜ್ವರವೇ ಕವಾಟವನ್ನೂ ಕೆಡಿಸಿದೆ, ಇದಕ್ಕೆ ರಿಪೇರಿ ಇಲ್ಲ, ಭಾರ ಎತ್ತಬೇಡಿ, ಬೀಡಿ ಬಿಡಿ ಎಂದರು. ಚಾಚಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದರು: "ಡಾಕ್ಟರ್ ಸಾಹೇಬ್ರ, ಕುರಿ ಚರ್ಮದ ಪರದಿ ಕತ್ತರಿಸಿ ಕೊಡತೇನಿ, ಒಳಗ ಕುಂದ್ರಸಾಕ ಬರತೈತೇನ್ರಿ?" ಡಾಕ್ಟರರು ಬಿದ್ದು ಬಿದ್ದು ನಕ್ಕರು. ಕಂಪೌಂಡರನೂ ನಕ್ಕ. ನಾನೂ ನಕ್ಕೆ. ಅದೊಂದು ಈಗಲೂ ನನ್ನನ್ನು ಚುಚ್ಚುತ್ತದೆ. ಅವರು ನಗಲಿಲ್ಲ, ಖರೇನೇ ಕೇಳಿದ್ದರು.

ಬೀಡಿ ಬಿಟ್ಟರು. ಬಿಡುವ ಮೊದಲು ಉಳಿದ ಕಟ್ಟನ್ನು ನನಗೆ ತಂದುಕೊಟ್ಟು, ತಿದಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಒಂದೊಂದೇ ಬೀಡಿಯ ಹೊಗೆ ಎಳೆಸಿ, ಹಳದಿಯಾದ ಬಟ್ಟೆಯನ್ನು ಹುಡುಗರಿಗೆ ತೋರಿಸಲು ಹೇಳಿದರು. "ನನ್ನ ಹೆಸರು ಹೇಳ್ರಿ. ಶಾಣ್ಯಾ ಮನಷ್ಯಾ, ಪೇಟಿ ಉಳಿಸಿದಾ, ಎದಿ ಸುಟ್ಕೊಂಡಾ ಅನ್ರಿ." ಇನ್ನೂ ಏಳೆಂಟು ವರ್ಷ ಬದುಕಿದರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ನೋಡಿದವರಿಗೆ, "ತಾಳ ಹಿಡ್ಯಾಕತ್ತೇನಿ" ಎನ್ನುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಸಾಲೆಗೆ ಬಂದು ಹಲಗೆಯ ಮೇಲಿನ ಹೃದಯಕ್ಕೆ ಹೊಸ ಪರದೆ ಹಾಕಿಹೋಗುತ್ತಿದ್ದರು.

ನಲವತ್ತರ ದಶಕದ ಒಂದು ಚಳಿಗಾಲದ ಬೆಳಿಗ್ಗೆ ಚಾಚಾನ ಹೆಂಡತಿ ಚಾಚಿ ಕರೆಕಳಿಸಿದರು. ಓಡಿದೆ. ಯಾರದೋ ಪೇಟಿಯ ಮಗ್ಗುಲಲ್ಲಿ ಚಾಚಾನನ್ನು ಮಲಗಿಸಿದ್ದರು. ಎಡಗೈ ಸುಮ್ಮನಿತ್ತು. ಅದನ್ನು ನೋಡಲಾರದೆ ನಾನು ಮಕ್ಕಳ ಹಾಗೆ ಅತ್ತೆ.

ನಿವೃತ್ತನಾದಾಗ ಸಾಲೆಯವರು ಶಾಲು ಹೊದಿಸಿ, ಇನ್ನೇನು ಬೇಕು ಎಂದರು. ಆ ಹಲಗೆ ಕೇಳಿ ತಂದೆ. ಬ್ಲ್ಯಾಡರು ಹರಿದಿವೆ, ತಿದಿ ಮಾತ್ರ ಗಟ್ಟಿ. ಮೊನ್ನೆ ಪತ್ರಿಕೆಯಲ್ಲಿ ಓದಿದೆ: ದೊಡ್ಡ ಊರುಗಳಲ್ಲಿ ಈಗ ಎದೆ ತೆರೆದು, ಕೆಟ್ಟ ಕವಾಟ ತೆಗೆದು, ಪ್ರಾಣಿಯ ಮೈಯಿಂದ ಮಾಡಿದ ಪರದೆ ಹೊಲಿಯುತ್ತಾರಂತೆ. ಹೊಲಿಸಿಕೊಂಡವರು ನಡೆದು ಮನೆಗೆ ಹೋಗುತ್ತಾರಂತೆ.

ಪತ್ರಿಕೆ ಮಡಿಸಿಟ್ಟು ಹಲಗೆ ಎಳೆದುಕೊಂಡು ತಿದಿ ಒತ್ತಿದೆ. 'ಸಾ' ಬಂತು, ಒಂದಿಷ್ಟೂ ಅಲುಗದೆ. ನಾನು ಎದ್ದು ನಿಂತು ಕೈಮುಗಿದೆ. "ಏನಾತ್ರಿ?" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

"ಬರತದಂತ್ರೀ ಚಾಚಾ," ಎಂದೆ, "ಕುಂದ್ರಸಲಿಕ್ಕೆ ಬರತದಂತ."