ಎಂಟು ಕುರ್ಚಿ, ಒಂದು ನಾಯಿ

ಮೆಲ್ಬರ್ನ್‌ನ ಮಗನ ಮನೆಯಿಂದ ಸಿಡ್ನಿ ನೋಡಲು ಬಂದಿದ್ದೇವೆ. ಇಲ್ಲಿ ಗುಡ್ಡದ ಮೇಲೆ ಬಹಾಯಿ ಧರ್ಮದವರ ಬಿಳಿ ಗುಡಿಯಿದೆ. ಒಳಗೆ ಮೂರ್ತಿಯಿಲ್ಲ, ಪೂಜಾರಿಯಿಲ್ಲ. ತಂದಿದ್ದ ತೆಂಗಿನಕಾಯಿಯನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಬಾಗಿಲಲ್ಲಿದ್ದ ನನ್ನದೇ ವಯಸ್ಸಿನ ಹೆಂಗಸಿನ ಕೈಗಿಟ್ಟೆ. ಆಕೆ ನಕ್ಕು, ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ತನ್ನ ಕತೆ ಶುರು ಮಾಡಿದರು.

ನನಗೆ ಇಂಗ್ಲಿಷ್ ಬಾರದು. ಮಗ ಕಾರು ನಿಲ್ಲಿಸಲು ಹೋಗಿದ್ದ. ಪಕ್ಕದಲ್ಲಿದ್ದವಳು ಎಂಟು ವರ್ಷದ ಮೊಮ್ಮಗಳು ಸಾನ್ವಿ. ನಾನು ಬಂದು ಎರಡು ತಿಂಗಳಾದರೂ ಅವಳು ನನ್ನೊಡನೆ ಕನ್ನಡದಲ್ಲಿ ಒಂದು ಮಾತೂ ಆಡಿರಲಿಲ್ಲ. ನನ್ನ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು.

"ಏನಂತಾರ ಅವ್ರು? ಹೇಳ ನನ್ನ ಬಂಗಾರ."

ಸಾನ್ವಿ ಕಾಲು ಕುಟ್ಟಿದಳು. ಆಮೇಲೆ, ನನ್ನಪ್ಪ ದೇವರೇ, ಕನ್ನಡದಲ್ಲಿ ಬಾಯಿ ಬಿಟ್ಟಳು!

"ಅಜ್ಜಿ, ಆಗ ಅವರದು ಹೊಸಾ ಮದುವಿ. ಗಂಡ ಹೆಂಡತಿ ನಾರ್ತ್‌ಗೆ ಹೋದರು. ಭಾಳ ದೂರ. ದೇವರ ಬಗ್ಗೆ ಹೇಳಲಿಕ್ಕೆ. ಮಂದಿ ಬರ್ತಾರಂತ ಎಂಟು ಕುರ್ಚಿ ಇಟ್ಟರು. ಚಹಾ ಮಾಡಿದರು. ಯಾರೂ ಬರಲಿಲ್ಲ. ನಾಯಿ ಬಂತು."

"ನಾಯಿ?"

"ಪ್ರತಿ ವಾರ ಬಂತು. ಬಿಸ್ಕಿಟ್ ತಿಂತು."

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ಷದ ಮೇಲೆ ನಾಯಿಯನ್ನು ಹುಡುಕುತ್ತ ಅದರ ಒಡತಿ ಬಂದು, ಕುರ್ಚಿ ಎಳೆದುಕೊಂಡು ಕುಳಿತಳಂತೆ. ಅವರ ಮಾತು ಕೇಳಿದ ಮೊದಲ ವ್ಯಕ್ತಿ ಅವಳೇ.

ಕತೆ ಮುಗಿಯಿತು. ಮಗ ದೂರದಿಂದ ಕರೆಯುತ್ತಿದ್ದ. ನನಗೋ ಏಳಲು ಮನಸ್ಸೇ ಇಲ್ಲ.

"ನಾಯಿ ಬಣ್ಣ ಯಾವ್ದಿತ್ತಂತ ಕೇಳವ್ವಾ."

"ಅಜ್ಜೀ!" ಎಂದರೂ ಆಕೆಯನ್ನು ಕೇಳಿದಳು. "ಕೆಂಪಂತ."

"ಬಾಲ ಉದ್ದಿತ್ತೋ, ಗಿಡ್ಡೋ?"