ತಾಳ ತಪ್ಪಿದ್ದು ನನ್ನದು

ಹುನಗುಂದದ ಒಂದು ಸಮಾರಂಭದಲ್ಲಿ ನಾನು ಡ್ರಮ್ ಬಾರಿಸುತ್ತಿದ್ದ ಹುಡುಗಿಯೊಬ್ಬಳಿಗೆ ಮೈಕಿನಲ್ಲಿ, ಎಲ್ಲರೆದುರು, ‘ತಾಳ ತಪ್ಪೈತಿ ತಂಗಿ’ ಎಂದೆ. ಮಂದಿ ನಕ್ಕರು. ಹುಡುಗಿ ಕೈಯಲ್ಲಿದ್ದ ಕೋಲು ಕೆಳಗಿಟ್ಟಳು. ನಾನು ಸನ್ಮಾನದ ಶಾಲು ಹೊದ್ದುಕೊಂಡು, ಕೊಟ್ಟ ಹಣ್ಣಿನ ಬುಟ್ಟಿ ಹಿಡಿದುಕೊಂಡು ಇಳಕಲ್ಲಿನ ಬಸ್ಸು ಹತ್ತಿದೆ. ಮನೆಗೆ ಬಂದು ಉಂಡು ಮಲಗಿದೆ. ಒಳ್ಳೆಯ ನಿದ್ದೆ ಬಂತು.

ಈಗ ನನ್ನನ್ನು ಗಾಬರಿಗೊಳಿಸುವುದು ಅದೇ. ಅಷ್ಟು ಒಳ್ಳೆಯ ನಿದ್ದೆ ಹೇಗೆ ಬಂತು?

ಈ ಅಂಕಣ ಓದುವವರಿಗೆ ನಾನು ಹೊಸಬನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸೀರೆ ಅಂಗಡಿಯ ಗಾದಿಯ ಮೇಲೆ ಕೂತವನು, ತಲೆ ಬೆಳ್ಳಗಾದ ಮೇಲೆಯೇ ಎದ್ದೆ. ಸಂಜೆಯಾದರೆ ಭಜನಾ ಮೇಳ. ಹಾಡುವ ಗಂಟಲು ನನಗಿಲ್ಲ. ಆದರೆ ತಾಳ ಇತ್ತು. ಸುತ್ತಲಿನ ಊರುಗಳಲ್ಲಿ ನನ್ನ ಹೆಸರು ಮರೆತವರೂ ‘ತಾಳದ ಅಜ್ಜ’ ಅಂದರೆ ಮನೆ ತೋರಿಸುತ್ತಾರೆ. ಕಂಚಿನ ಜೋಡಿ ತಾಳ ಸದಾ ಅಂಗಿಯ ಜೇಬಿನಲ್ಲಿರುತ್ತದೆ. (ಇಸ್ತ್ರಿ ಮಾಡುವಾಗ ಹೆಂಡತಿ ಬೈಯುವುದೂ ಅದಕ್ಕೇ.) ಕೈಗೆತ್ತಿಕೊಳ್ಳುವ ಮುನ್ನ ಕಣ್ಣಿಗೊತ್ತಿಕೊಳ್ಳುತ್ತೇನೆ. ಅದು ನೆಲಕ್ಕೆ ಬಿದ್ದರೆ ಜೀವ ಚುರುಕ್ ಅನ್ನುತ್ತದೆ.

ನಮ್ಮ ಮೇಳದಲ್ಲಿ ಒಂದು ರೂಢಿ ಇದೆ. ಹಾಡುವವರ ಲಯ ಜಾರಿದರೆ ಹಿರಿಯನಾದವನು ಬೈಯುವುದಿಲ್ಲ. ತನ್ನ ತಾಳವನ್ನು ಜೋರಾಗಿ ಹಾಕುತ್ತಾನೆ. ಜಾರಿದವರು ಅದನ್ನು ಹಿಡಿದು ಹಿಂದಿರುಗುತ್ತಾರೆ. ಇದಕ್ಕೆ ನಾವು ‘ದಾರಿಗೆ ತರೂದು’ ಅನ್ನುತ್ತೇವೆ. ನಾನು ಐವತ್ತು ವರ್ಷ ಮಂದಿಯನ್ನು ದಾರಿಗೆ ತಂದವನು. ಹುನಗುಂದದವರು ನನ್ನನ್ನು ಮುಖ್ಯ ಅತಿಥಿ ಎಂದು ಕರೆದದ್ದೂ ಅದಕ್ಕೇ.

ಭಾಷಣಗಳಾದ ಮೇಲೆ ಬಾಗಲಕೋಟೆಯ ನಾಲ್ವರ ಬ್ಯಾಂಡ್ ವೇದಿಕೆ ಹತ್ತಿತು. ಗಿಟಾರಿನ ಹುಡುಗ ಮಹಾಂತೇಶ ಬಂದು ಕಾಲು ಮುಟ್ಟಿದ.

‘ಏನ್ ಹಾಡ್ತೀರಪಾ?’ ಎಂದೆ.

‘ಪ್ರೋಗ್ರೆಸಿವ್ ರಾಕ್‌ರಿ ಅಜ್ಜಾರ.’

‘ಅಂದ್ರ?’

‘ಅಂದ್ರ... ಮುಂದ ಹೋಗುವಂಥಾದ್ದು.’

‘ಎಲ್ಲಿಗೆ?’

ಅವನು ತಲೆ ಕೆರೆದುಕೊಂಡು ನಕ್ಕ. ಹಿಂದೆ ಡ್ರಮ್ಮುಗಳ ಗುಡ್ಡದ ನಡುವೆ ಒಬ್ಬ ಹುಡುಗಿ ಕೂತಿದ್ದಳು. ಹೆಸರು ಬನಶ್ರೀ, ಬಾದಾಮಿಯವಳು ಎಂದು ಪರಿಚಯ ಮಾಡಿಸಿದರು. ಅವಳ ಎಡಗಾಲಿನ ಹತ್ತಿರ ಒಂದು ಸಲಾಕೆ, ಅದರ ತುದಿಗೆ ಒಂದರ ಮೇಲೊಂದು ಎರಡು ತಟ್ಟೆ. ಕೆಳಗಿನ ಪೆಡಲ್ ಒತ್ತಿದರೆ ತಟ್ಟೆಗಳು ಕೂಡಿ ‘ಚಿಕ್’ ಅನ್ನುತ್ತವೆ. ಹೈ-ಹ್ಯಾಟ್ ಅನ್ನುತ್ತಾರಂತೆ. ನನ್ನ ಕಣ್ಣಿಗೆ ಅದು ತಾಳವೇ. ನಾನು ಕಣ್ಣಿಗೊತ್ತಿಕೊಳ್ಳುವ ತಾಳವನ್ನು ಈ ಹುಡುಗಿ ಕಾಲಿನಿಂದ ಒದೆಯುತ್ತಿದ್ದಾಳೆ.

ಮನಸ್ಸು ಅಲ್ಲಿಯೇ ಕೆಟ್ಟಿತು. ಆ ಕಾಲಿನ ಕಡೆ ಮತ್ತೆ ನೋಡಲಿಲ್ಲ.

ಹಾಡು ಚೆನ್ನಾಗಿಯೇ ಶುರುವಾಯಿತು. ನಾಲ್ಕರ ನಡೆ, ನನಗೂ ಗುರುತಿದ್ದದ್ದು. ತೊಡೆಯ ಮೇಲೆ ಬೆರಳು ಕುಣಿಯುತ್ತಿತ್ತು. ನಡುವೆ ಇದ್ದಕ್ಕಿದ್ದಂತೆ ಹುಡುಗಿಯ ಪೆಟ್ಟು ಜಗ್ಗತೊಡಗಿತು. ಏರು ಹತ್ತುವ ಬಸ್ಸಿನ ಹಾಗೆ ನಿಧಾನ, ಭಾರ. ಗಿಟಾರುಗಳು ಮಾತ್ರ ಮೊದಲಿನ ಹಾಗೇ ಓಡುತ್ತಿದ್ದವು. ಪಾಪ, ಕೈ ಸೋತಿತು ಅಂದುಕೊಂಡೆ. ಸುಮ್ಮನಿರಬೇಕಿತ್ತಲ್ಲವೇ? ಮೇಳದವನ ಕೈ ಸುಮ್ಮನಿರುತ್ತದೆಯೇ? ಜೇಬಿನಿಂದ ತಾಳ ತೆಗೆದೆ, ಎದ್ದು ನಿಂತೆ, ಜೋರಾಗಿ ಹಾಕಿದೆ. ಸಭೆ ನನ್ನ ಜೊತೆ ಚಪ್ಪಾಳೆ ಹಿಡಿಯಿತು. ಗಿಟಾರಿನವರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದರು. ನನ್ನ ಹಿಂದೆ ಬಂದರು. ಹಾಡು ಕುಸಿಯಿತು. ಆಮೇಲೆ ಮೈಕಿನಲ್ಲಿ ಆ ಮಾತು.

ಕೆಲವು ದಿನಗಳ ನಂತರ ಯಾರೋ ಅದರ ವಿಡಿಯೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದರು. ‘ತಾಳದ ಅಜ್ಜಗ ಸೋಲಿಲ್ಲ’ ಎಂದು ಕೆಳಗೆ ಬರೆದಿದ್ದರು. (ಖುಷಿಯಾಯಿತು. ಸುಳ್ಳೇಕೆ ಹೇಳಲಿ?) ಮುಂಜಾನೆ ಅಡುಗೆಮನೆಗೆ ಹೋಗಿ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟೆ. ಹೆಂಡತಿ ಗೌರವ್ವ ರೊಟ್ಟಿ ಬಡಿಯುತ್ತಿದ್ದಳು. ಫೋನಿನಲ್ಲಿ ಹಾಡು ಹತ್ತಿತು. ಅವಳ ಕೈ ತನಗೆ ಗೊತ್ತಿಲ್ಲದೆಯೇ ಆ ನಡೆಗೆ ಕೂಡಿಕೊಂಡಿತು. ತಪ್, ತಪ್, ತಪ್, ತಪ್.

‘ಇಲ್ನೋಡು, ಇಲ್ಲಿಂದ ಜಗ್ಗಾಕ ಹತ್ತಿದಳು ನೋಡು,’ ಎಂದೆ.

‘ಯಾರು?’

‘ಆ ಹುಡುಗಿ. ತಾಳ ಹಿಂದ ಬಿತ್ತಲ್ಲ, ಕೇಳಸವಲ್ತೇನು?’

‘ಬಿದ್ದಿಲ್ಲಲ್ರಿ.’

‘ನಿನಗೇನ್ ತಿಳೀತೈತಿ, ಬಿಡು.’

ಅವಳು ಬಡಿಯುತ್ತಲೇ ಇದ್ದಳು. ಆಗ ನನ್ನ ಕಣ್ಣು ಅವಳ ಅಂಗೈ ಮೇಲೆ ಬಿತ್ತು. ಡ್ರಮ್ ನಿಧಾನವಾಗಿದೆ, ಆದರೆ ಇವಳ ಕೈ ನಿಧಾನವಾಗಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನುವಷ್ಟರಲ್ಲಿ ಡ್ರಮ್ಮಿನ ಧಂ ಮತ್ತು ರೊಟ್ಟಿಯ ತಪ್ ಒಟ್ಟಿಗೆ ಬಿದ್ದವು. ಮತ್ತೆ ಬೇರೆಯಾದವು. ಮತ್ತೆ ಒಟ್ಟಿಗೆ ಬಿದ್ದವು.

ಮೊದಲಿನಿಂದ ಹಚ್ಚಿದೆ. ಮತ್ತೆ ಅದೇ. ಡ್ರಮ್ ಎಲ್ಲೆಲ್ಲೋ ಅಲೆದಂತೆ ಮಾಡಿ, ಕರಾರುವಾಕ್ಕಾಗಿ ನನ್ನ ಹೆಂಡತಿಯ ಅಂಗೈಗೆ ಬಂದು ಇಳಿಯುತ್ತಿತ್ತು. ಫೋನನ್ನು ಕಿವಿಗೆ ಹಿಡಿದೆ. ಗದ್ದಲದ ಅಡಿಯಲ್ಲಿ ಒಂದು ಸಣ್ಣ ಸದ್ದು. ಚಿಕ್, ಚಿಕ್, ಚಿಕ್, ಚಿಕ್. ಒಂದು ಎಳೆಯೂ ಆಚೀಚೆ ಇಲ್ಲ. ಎಡಗಾಲಿನ ಆ ತಾಳ.

‘ಗೌರಾ, ನೀ ಹೆಂಗ ತಪ್ಪಲಿಲ್ಲ?’

‘ನಾ ಎಲ್ಲಿ ಹಾಡು ಕೇಳೇನ್ರಿ? ಕೈ ನಿಂತ್ರ ರೊಟ್ಟಿ ಹರೀತೈತಿ. ನಾ ರೊಟ್ಟಿ ನೋಡಾಕತ್ತಿದ್ದೆ.’

ಅಷ್ಟರಲ್ಲಿ ವಿಡಿಯೋದಲ್ಲಿ ಕಂಚಿನ ತಾಳದ ಸದ್ದು ಬಂತು. ಆ ಹುಡುಗಿಯ ಕೈಗೂ ಸೇರದ, ಕಾಲಿಗೂ ಸೇರದ ಸದ್ದು. ಗೌರವ್ವನ ಕೈ ತಡವರಿಸಿತು. ರೊಟ್ಟಿಯ ಅಂಚು ಸೀಳಿತು.

‘ಇದ್ಯಾರ್ರಿ, ನಡಬರಕ ಬಂದು ಕೆಡಿಸಿದವರು?’

‘ನಾನು,’ ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. ಹರಿದ ರೊಟ್ಟಿಯನ್ನು ಮತ್ತೆ ಮುದ್ದೆ ಮಾಡಿದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಹಾಂತೇಶನಿಗೆ ಫೋನ್ ಮಾಡಿ, ಆ ಹುಡುಗಿಯ ತಾಳ ತಪ್ಪಿರಲಿಲ್ಲ ಅಂದೆ.

‘ಅಕಿನ್ನ ಬಿಟ್ಟೇವ್ರಿ ಅಜ್ಜಾರ. ತಾಳದ ಅಜ್ಜಾರ ತಪ್ಪೈತಿ ಅಂದ ಮ್ಯಾಲ ಇನ್ನೇನ್ ಉಳೀತ್ರಿ? ಎಲ್ಲಿ ಹೋದ್ರೂ ಮಂದಿ ಅದನ್ನ ಕೇಳ್ತಾರ. ಈಗ ಒಂದು ಮಷೀನ್ ತಂದೇವಿ. ಬಟನ್ ಒತ್ತಿದ್ರ ಡ್ರಮ್ ಬಾರಿಸ್ತೈತಿ.’

‘ಅಲ್ಲೋ, ಅಕಿ ಬರೋಬರಿ ಬಾರಿಸ್ಯಾಳ. ನಿಮಗ ಗೊತ್ತಿರಲಿಲ್ಲೇನು?’

‘ಗೊತ್ತಿತ್ರಿ. ಆದ್ರ ನೀವ ಅಂದ್ರಲ್ರಿ.’

ಓದುಗರೇ, ನನ್ನ ಜೀವನದಲ್ಲಿ ಇಷ್ಟು ಭಯ ಹುಟ್ಟಿಸಿದ ಮಾತು ಇನ್ನೊಂದಿಲ್ಲ. ಗೊತ್ತಿತ್ತಂತೆ. ಆದರೆ ನಾನು ಅಂದೆನಂತೆ.

ಮರುದಿನ ಗುಡೂರಿನ ಮೇಲೆ ಹೋಗುವ ಬಸ್ಸು ಹಿಡಿದು ಬಾದಾಮಿಗೆ ಹೋದೆ. ಬನಶ್ರೀ ಅಲ್ಲಿನ ಗುಹೆಗಳಲ್ಲಿ ಗೈಡ್. ಮೊದಲನೆಯ ಗುಹೆಯ ಮುಂದೆ ಪ್ರವಾಸಿಗಳಿಗೆ ಪುಸ್ತಕದ ಕನ್ನಡದಲ್ಲಿ ವಿವರಿಸುತ್ತಿದ್ದಳು. ನನ್ನನ್ನು ಕಂಡು ಮಾತು ನಿಲ್ಲಿಸಲಿಲ್ಲ. ಮುಗಿಸಿ, ಅವರನ್ನು ಮೇಲಿನ ಗುಹೆಗೆ ಕಳಿಸಿ, ನನ್ನ ಕಡೆ ತಿರುಗಿದಳು.

‘ಬರ್ರಿ. ಟಿಕೆಟ್ ತಗೊಂಡು ಬಂದೀರೋ, ಇಲ್ಲಾ ಮುಖ್ಯ ಅತಿಥಿ ಅಂತ ಹಂಗ ಒಳಗ ಬಿಟ್ರೋ?’

ಟಿಕೆಟ್ ತೋರಿಸಿದೆ. ಅವಳಿಗೆ ನಗು ಬರಲಿಲ್ಲ.

‘ಅವತ್ತು ನೀ ಏನ್ ಮಾಡಿದಿ, ನನಗ ತಿಳಿಸಿ ಹೇಳವಾ,’ ಎಂದೆ.

ಅವಳು ಗೋಡೆಯ ನಟರಾಜನನ್ನು ತೋರಿಸಿದಳು. ‘ಕೈ ಎಷ್ಟದಾವು?’

‘ಹದಿನೆಂಟು.’

‘ಯಾವ ಕೈ ಹಿಡದು ನೋಡ್ತೀರಿ, ಆ ಕುಣಿತ ಕಾಣತೈತಿ. ಕಾಲ?’

‘ಎರಡು.’

‘ಅವು ಎಲ್ಲಿ ಅದಾವೋ ಅಲ್ಲೇ ಅದಾವು. ನಾ ಮಾಡಿದ್ದೂ ಅಷ್ಟ.’

ಕಟ್ಟೆಯ ಮೇಲೆ ಕೂತು ತೋರಿಸಿದಳು. ಎಡಗಾಲು ಒಂದೇ ಸಮ ನೆಲಕ್ಕೆ ತಟ್ಟುತ್ತಿತ್ತು. ಎರಡೂ ಕೈ ತೊಡೆಯ ಮೇಲೆ ಸಣ್ಣ ಸಣ್ಣ ಪೆಟ್ಟು ಹಾಕುತ್ತಿದ್ದವು. ಕಾಲಿನ ಒಂದು ತಟ್ಟಿಗೆ ಕೈಯ ನಾಲ್ಕು ಸಣ್ಣ ಪೆಟ್ಟು. ಮೊದಲು ಪ್ರತಿ ನಾಲ್ಕಕ್ಕೊಂದು ಪೆಟ್ಟನ್ನು ಜೋರು ಮಾಡಿದಳು. ಕೈ, ಕಾಲು ಒಂದೇ ಕಡೆ. ಆಮೇಲೆ ಐದಕ್ಕೊಂದನ್ನು ಜೋರು ಮಾಡತೊಡಗಿದಳು. ಅಷ್ಟೇ ಬದಲಾವಣೆ. ನನ್ನ ಕಿವಿ ಜಾರಿತು. ಮತ್ತೆ ಎಲ್ಲಾ ನಿಧಾನವಾದಂತೆ ಕೇಳಿಸಿತು. ಕಣ್ಣೆದುರಿಗೇ ಕಾಲು ಮೊದಲಿನ ವೇಗದಲ್ಲೇ ಇತ್ತು.

‘ಕಾಲು ಐದು ಸಲ ತಟ್ಟೂದ್ರಾಗ ಕೈ ನಾಕು ಸಲ ಜೋರ ಹೊಡೀತೈತಿ. ಆಮ್ಯಾಲ ಎರಡೂ ಕೂಡತಾವು. ಮಂದಿ ಕಿವಿ ಜೋರಿದ್ದದ್ದರ ಬೆನ್ನ ಹತ್ತತಾವು, ಅದಕ್ಕ ತಾಳ ನಿಧಾನ ಆತು ಅನಸ್ತೈತಿ. ಆಗಿರಂಗಿಲ್ಲ.’

‘ಇದು ಮೋಸ ಅಲ್ಲೇನವಾ?’

‘ಕಣ್ಣಿಗೆ ಮಾಡಿದ್ರ ಕಣ್ಕಟ್ಟು ಅಂತ ಚಪ್ಪಾಳಿ ಹೊಡೀತೀರಿ. ಕಿವಿಗೆ ಮಾಡಿದ್ರ ಮೋಸ ಏನ್ರಿ?’

ನಾನು ಹೇಳಬೇಕಾದದ್ದು ಬೇರೆ ಇತ್ತು. ‘ಖರೆ ಹೇಳ್ತೇನಿ ತಂಗಿ. ನಿನ್ನ ಎಡಗಾಲ ನಾ ನೋಡಲೇ ಇಲ್ಲ. ತಾಳ ಕಾಲಾಗ ಒದಿಯೂದು ಕಂಡು ಮಾರಿ ಹೊಳ್ಳಿಸಿದ್ದೆ.’

ಅವಳ ಎಡಗಾಲು ತಟ್ಟುವುದನ್ನು ನಿಲ್ಲಿಸಿತು. ‘ಒದ್ದಿರಲಿಲ್ರಿ ಅಜ್ಜಾ. ಹಿಡದಿದ್ದೆ.’

ನಾನು ತಪ್ಪಾಯಿತು ಅಂದೆ.

‘ಇಲ್ಲಿ, ಈ ಕಲ್ಲಿನ ಮುಂದ ಹೇಳಿದ್ರ ಏನ್ ಬಂತ್ರಿ? ಅಂದದ್ದು ಮೈಕಿನಾಗ. ಹೇಳೂದೂ ಮೈಕಿನಾಗ ಆಗಲಿ.’

ಬ್ಯಾಂಡಿನ ಮುಂದಿನ ಕಾರ್ಯಕ್ರಮ ಬಾಗಲಕೋಟೆಯಲ್ಲಿತ್ತು. ಹಾಡು ಶುರುವಾಗುವ ಮುನ್ನ ಮೈಕು ಬೇಕೆಂದು ಕೇಳಿದೆ. ಯಾರು ತಾನೇ ಇಲ್ಲ ಅಂದಾರು? ಬನಶ್ರೀ ಕೋಲುಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ಡ್ರಮ್ಮುಗಳ ಸ್ಟೂಲು ಖಾಲಿ. ಪಕ್ಕದ ಟೇಬಲ್ಲಿನ ಮೇಲೆ ಮಷೀನಿನ ಕೆಂಪು ದೀಪ.

ಹೇಳಿದೆ. ಹುನಗುಂದದಲ್ಲಿ ತಪ್ಪಿದ್ದು ಈ ಹುಡುಗಿ ಅಲ್ಲ, ನಾನು ಎಂದೆ. ಭಾರವಿಳಿಯಿತು ಅಂದುಕೊಂಡೆ.

ಸಭೆಯಲ್ಲಿ ದೊಡ್ಡ ಚಪ್ಪಾಳೆ. ಮೊದಲ ಸಾಲಿನ ಹಿರಿಯರೊಬ್ಬರು ಪಕ್ಕದವರಿಗೆ ಹೇಳಿದ್ದು ನನಗೂ ಕೇಳಿಸಿತು. ‘ಎಂಥಾ ದೊಡ್ಡ ಮನಸ್ಸು ನೋಡ್ರಿ ಅಜ್ಜಾರದ್ದು. ಹುಡುಗಿ ಬೇಜಾರ ಆಗಬಾರದಂತ ತಾವ ತಪ್ಪ ಹೊತ್ಕೊಂಡ್ರು.’

ತಪ್ಪು ಅವಳದು ಅಂದಾಗ ಒಬ್ಬರೂ ಅನುಮಾನಪಡಲಿಲ್ಲ. ತಪ್ಪು ನನ್ನದು ಅಂದರೆ ಒಬ್ಬರೂ ನಂಬುತ್ತಿಲ್ಲ. ತಪ್ಪೊಪ್ಪಿಕೊಂಡು ಇನ್ನೊಂದು ಶಾಲು ಸಂಪಾದಿಸುತ್ತಿದ್ದೇನೆ.

‘ಇಷ್ಟ ಸಾಕ್ರಿ ಅಜ್ಜಾರ, ಮಂದಿ ಖುಷ್ ಆದ್ರು,’ ಎಂದು ಮಹಾಂತೇಶ ಪಿಸುಗುಟ್ಟಿ ಮಷೀನಿನ ಕಡೆ ಕೈ ಚಾಚಿದ. ಕೊನೆಯ ಸಾಲಿನಲ್ಲಿ ಬನಶ್ರೀ ಚೀಲ ಹೆಗಲಿಗೇರಿಸಿ ಎದ್ದಿದ್ದಳು.

‘ಮುಟ್ಟಬ್ಯಾಡ ಅದನ್ನ,’ ಎಂದೆ ಮೈಕಿನಲ್ಲೇ. ‘ಬನಶ್ರೀ, ಬಾರವಾ ಇಲ್ಲಿ. ಅವತ್ತಿನ ಹಾಡು ಬಾರಸು. ನೀವೆಲ್ಲಾ ನನ್ನ ಜೋಡಿ ಚಪ್ಪಾಳಿ ಹಾಕ್ರಿ. ಯಾರೂ ಬಿಡಬ್ಯಾಡ್ರಿ.’

ಅವಳು ಬಂದು ಕೂತಳು. ಗಿಟಾರಿನವರು ಹಿಂಜರಿಯುತ್ತಲೇ ಕೂಡಿಕೊಂಡರು. ಇಡೀ ಸಭೆ ಒಂದೇ ಅಂಗೈಯಾಗಿ ಚಪ್ಪಾಳೆ ಹಾಕುತ್ತಿತ್ತು. ನನ್ನ ಕಂಚಿನ ತಾಳವೂ ಜೊತೆಗಿತ್ತು. ಆ ಜಾಗ ಬಂತು. ಡ್ರಮ್ ಜಗ್ಗಿತು. ಚಪ್ಪಾಳೆ ಮೊದಲು ಓಲಾಡಿತು, ಆಮೇಲೆ ಎರಡು ಗುಂಪಾಯಿತು, ಆಮೇಲೆ ಹಂಚಿನ ಮೇಲಿನ ಆಲಿಕಲ್ಲಿನ ಹಾಗೆ ಚೆಲ್ಲಾಪಿಲ್ಲಿಯಾಯಿತು. ನಾನೂ ತಪ್ಪಿದ್ದೆ. ಈ ಸಲ ಎಲ್ಲ ಗೊತ್ತಿದ್ದೂ ತಪ್ಪಿದ್ದೆ. ಜನ ನಗುತ್ತ ಅವಳ ಕಡೆ ಬೆರಳು ತೋರಿಸತೊಡಗಿದರು. ಇನ್ನೂ ಅವಳೇ ತಪ್ಪು ಅಂದುಕೊಂಡಿದ್ದರು.

ತಾಳ ಜೇಬಿಗೆ ಹಾಕಿದೆ. ಮೈಕು ಹಿಡಿದುಕೊಂಡು ಅವಳ ಎಡಗಾಲಿನ ಹತ್ತಿರ ಬಗ್ಗಿ ಕೂತೆ.

‘ಅಜ್ಜಾ, ಕಾಲ ಬ್ಯಾಡ್ರಿ,’ ಎಂದಳು ಬನಶ್ರೀ. ಕೈ ನಿಲ್ಲಿಸಲಿಲ್ಲ.

ಇಷ್ಟು ವಯಸ್ಸಾದವನು ಹುಡುಗಿಯ ಕಾಲಿಗೆ ಬಿದ್ದ ಎಂದು ಸಭೆ ಗಪ್ಪಾಯಿತು. ನಾನು ಹಿಡಿದದ್ದು ಆ ತಟ್ಟೆಗಳ ಹತ್ತಿರ ಮೈಕು. (ಎರಡೂ ಆಯಿತು ಅನ್ನಿ.) ಚಪ್ಪಾಳೆ, ನಗು ನಿಂತದ್ದೇ ಸ್ಪೀಕರಿನಿಂದ ಕೇಳಿಸಿತು. ಚಿಕ್, ಚಿಕ್, ಚಿಕ್, ಚಿಕ್. ಹಾಡು ಶುರುವಾದಾಗ ಇದ್ದ ಅದೇ ನಡೆ. ಒಬ್ಬರ ಚಪ್ಪಾಳೆ ಅದಕ್ಕೆ ಸೇರಿತು. ಇನ್ನೊಬ್ಬರದು ಸೇರಿತು. ಮೇಲೆ ಡ್ರಮ್ ಬೇರೆ ಏನನ್ನೋ ಹೇಳುತ್ತಲೇ ಇತ್ತು. ಎಲ್ಲ ಅಂಗೈಗಳೂ ಕೂಡಿದ ಗಳಿಗೆಗೆ ಸರಿಯಾಗಿ ಅವಳ ಕೈ ಧಂ ಎಂದು ಬಂದು ಕಾಲಿಗೆ ಸೇರಿತು.

ಯಾರೂ ನಗಲಿಲ್ಲ. ಮೊದಲ ಸಾಲಿನ ಆ ಹಿರಿಯರು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದರು. ಹಾಡು ಮುಗಿದ ಮೇಲೆ ಮಹಾಂತೇಶ ಮಷೀನಿನ ವೈರು ಕಿತ್ತು ಅದನ್ನು ಚೀಲಕ್ಕೆ ಹಾಕಿದ.

‘ಮುಂದಿನ ಪ್ರ್ಯಾಕ್ಟೀಸ್ ರವಿವಾರ ಬನಶ್ರೀ,’ ಎಂದ.

‘ಬರ್ತೇನಿ. ಆದ್ರ ಇನ್ನೊಮ್ಮೆ ಯಾರರೆ ಎದ್ದು ತಾಳ ಹಾಕಿದ್ರ, ನೀವು ಯಾರ ಜೋಡಿ?’

ಅವನು ತಲೆ ತಗ್ಗಿಸಿದ. ಆ ಪ್ರಶ್ನೆ ಅವನಿಗೆ.

ಮನೆಗೆ ಬಂದು ಎಲ್ಲವನ್ನೂ ಗೌರವ್ವನಿಗೆ ಹೇಳಿದೆ. ಪೂರ್ತಿ ಕೇಳಿದಳು. ‘ಅಲ್ರಿ, ಇದೊಂದಕ್ಕ ವಿಡಿಯೋ ಇತ್ತು, ಗೊತ್ತಾತು. ಮೇಳದಾಗ ಯಾರು ವಿಡಿಯೋ ಹಿಡದಿದ್ರು?’ ಎಂದಳು. ಅಷ್ಟೇ ಅಂದು ನೀರು ತರಲು ಒಳಗೆ ಹೋದಳು.

ಅಂದಿನಿಂದ ನನ್ನ ಕಂಚಿನ ತಾಳ ಜೇಬಿನಲ್ಲಿಲ್ಲ, ದೇವರ ಜಗಲಿಯ ಮೇಲಿದೆ. ಅದನ್ನು ನೋಡಿದಾಗಲೆಲ್ಲ ಕೇಳಿಕೊಳ್ಳುತ್ತೇನೆ: ಐವತ್ತು ವರ್ಷ ನಾನು ದಾರಿಗೆ ತಂದವರಲ್ಲಿ, ದಾರಿಯ ಮೇಲೆಯೇ ಇದ್ದವರು ಎಷ್ಟು ಮಂದಿ?